ಹೊಸ ಪೈಪಿಗೆ ಮೊದಲ ಹೊಗೆಸೊಪ್ಪು

ಮಾತು ಶುರು ಮಾಡುವ ಮೊದಲು ಈ ಮೂರು ಡಬ್ಬಿಗಳನ್ನು ನಿಮ್ಮ ಕಡೆ ಕಳಿಸುತ್ತೇನೆ. ಮೂಸಿ ನೋಡಿ, ಪಕ್ಕದವರಿಗೆ ದಾಟಿಸಿ. ಇಲ್ಲಿ ಯಾರೂ ಏನೂ ಹಚ್ಚುವ ಹಾಗಿಲ್ಲ, ಆದ್ದರಿಂದ ಇವತ್ತಿನದೆಲ್ಲ ಮೂಗಿನ ಕೆಲಸ. ಒಂದರಲ್ಲಿ ನಿಂಬೆಹಣ್ಣಿನ ಬಣ್ಣದ ಎಲೆ ಇದೆ. ಎರಡನೆಯದರಲ್ಲಿ ಕಪ್ಪು ಚೂರು. ಮೂರನೆಯದು ಕಲಸಿದ್ದು. ಎರಡನೆಯದನ್ನು ಮೂಗಿಗೆ ತೀರಾ ಹತ್ತಿರ ಹಿಡಿಯಬೇಡಿ.

ಕಳೆದ ತಿಂಗಳು ನಿಮ್ಮಲ್ಲೇ ಒಬ್ಬರು ಒಂದು ಹೊಸ ಬ್ರಯರ್ ಪೈಪು ತಂದು ತೋರಿಸಿದರು. ಮಗಳು ಲಂಡನ್ನಿನಿಂದ ತಂದುಕೊಟ್ಟಿದ್ದಂತೆ. "ಸಾರ್, ಇದಕ್ಕೆ ಇಂಗ್ಲಿಷ್ ಮಿಕ್ಸ್‌ಚರ್ ಹಾಕಬೇಕಂತೆ, ಯಾವುದು ತರಿಸಲಿ?" ಎಂದು ಕೇಳಿದರು. ಒಂದು ಹೆಸರು ಹೇಳಿ ಕಳಿಸಬಹುದಿತ್ತು. ಆದರೆ ನನಗೆ ಹೀಗೇ ಯಾರೋ ಒಂದು ಹೆಸರು ಹೇಳಿ ಕಳಿಸಿದ್ದರಿಂದಲೇ ನನ್ನ ಮೊದಲ ಪೈಪು ಹಾಳಾಗಿದ್ದು. ಆ ಕಥೆಗೆ ಆಮೇಲೆ ಬರುತ್ತೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತಾರೆ. ಅದಕ್ಕೇ ಇದು ಸಿಗರೇಟಿನ ಹಾಗಲ್ಲ, ಏನೂ ಆಗೋದಿಲ್ಲ ಅಂತ ಹೇಳುವವರಿದ್ದಾರೆ. ನಂಬಬೇಡಿ. ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರ್ ಪೈಪಿನಿಂದಲೂ ಬರುತ್ತದೆ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೂ ರಕ್ತಕ್ಕೆ ಸೇರುತ್ತದೆ. ಈವರೆಗೆ ಹಿಡಿಯದವರು ಇವತ್ತು ನನ್ನ ಮಾತು ಕೇಳಿ ಹಿಡಿಯಬೇಕಾಗಿಲ್ಲ. ನಾನು ಈಗ ವಾರಕ್ಕೆ ಒಂದು ಸಲಕ್ಕೆ ಇಳಿದಿದ್ದೇನೆ, ವೈದ್ಯರು ಅದನ್ನೂ ಬಿಡಿ ಅನ್ನುತ್ತಾರೆ. ಆದರೂ ಈ ಎಲೆಗಳ ಕಥೆ ಚೆನ್ನಾಗಿದೆ. ಸೇದದವರಿಗೂ ಹೇಳಬಹುದಾದ ಕಥೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಹೊಗೆಸೊಪ್ಪು ಅನ್ನುತ್ತೇವೆ. ಎಷ್ಟು ನೇರವಾದ ಮಾತು, ಅಲ್ವಾ? ಬಸಳೆ ಸೊಪ್ಪು, ದಂಟಿನ ಸೊಪ್ಪು, ಹೊಗೆಸೊಪ್ಪು. ಆದರೆ ಇಂಗ್ಲಿಷ್ ಮಿಕ್ಸ್‌ಚರನ್ನು ಅರ್ಥ ಮಾಡಿಕೊಳ್ಳಲು ಒಂದು ಪ್ರಶ್ನೆ ಕೇಳಬೇಕು. ಈ ಸೊಪ್ಪಿಗೆ ಹೊಗೆ ಯಾವಾಗ ತಗುಲಿತು? ಸೇದುವಾಗಲೋ, ಅದಕ್ಕೂ ಮೊದಲೋ?

ಮೊದಲ ಡಬ್ಬಿಯಲ್ಲಿರುವುದು ವರ್ಜೀನಿಯಾ. ಹೆಸರು ಅಮೆರಿಕದ್ದು, ಈ ಎಲೆ ಮಾತ್ರ ಪಿರಿಯಾಪಟ್ಟಣದ್ದು. ನನ್ನ ಸ್ನೇಹಿತರ ಬ್ಯಾರನ್ನಿನಿಂದ, ಅಂದರೆ ಎಲೆ ಒಣಗಿಸುವ ಮನೆಯಿಂದ, ತೋರಿಸಲಿಕ್ಕೆ ಅಂತ ಒಂದೇ ಒಂದು ಎಲೆ ತಂದಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ, ಎತ್ತರದ ಬ್ಯಾರನ್ ಒಳಗೆ ಸಾಲು ಸಾಲಾಗಿ ಏರಿಸುತ್ತಾರೆ. ಹೊರಗಿನ ಒಲೆಯಲ್ಲಿ ಬೆಂಕಿ. ಒಳಗೆ ನೆಲದ ಮೇಲೆ ದಪ್ಪ ತಗಡಿನ ಕೊಳವೆ. ಬೆಂಕಿಯ ಬಿಸಿ ಮತ್ತು ಹೊಗೆ ಆ ಕೊಳವೆಯೊಳಗೇ ಹರಿದು ಚಿಮಣಿಯಿಂದ ಹೊರಗೆ ಹೋಗುತ್ತವೆ. ಎಲೆಗೆ ತಾಗುವುದು ಬಿಸಿ ಮಾತ್ರ, ಹೊಗೆ ಅಲ್ಲ. ಮೊದಲೆರಡು ದಿನ ಹದವಾದ ಶಾಖದಲ್ಲಿ ಎಲೆ ಹಳದಿಯಾಗುತ್ತದೆ. ಆಮೇಲೆ ನಿಧಾನಕ್ಕೆ ಶಾಖ ಏರಿಸಿ, ಕೊನೆಗೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಒಯ್ದು ನಡುದಂಟನ್ನೂ ಒಣಗಿಸುತ್ತಾರೆ. ಐದಾರು ದಿನದ ಕೆಲಸ, ರಾತ್ರಿ ನಿದ್ದೆ ಇಲ್ಲ. ಎಲೆ ಹಳದಿಯಾಗುವಾಗ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಅದಕ್ಕೇ ಆ ಡಬ್ಬಿ ತೆರೆದರೆ ಒಣಹುಲ್ಲಿನ, ಸ್ವಲ್ಪ ಜೇನಿನ ವಾಸನೆ. ಸಿಹಿ ಎಲೆ ಇದು. ಆದರೆ ಸಕ್ಕರೆ ಇರುವುದರಿಂದಲೇ, ಅವಸರದಲ್ಲಿ ಎಳೆದರೆ ನಾಲಿಗೆ ಸುಡುತ್ತದೆ.

ಈಗ ಎರಡನೇ ಡಬ್ಬಿ. ಯಾರ ಕೈಯಲ್ಲಿದೆ? ಏನು ನೆನಪಾಯಿತು ಹೇಳಿ. ಬಚ್ಚಲೊಲೆ ಅಂದ್ರಾ? ಸರಿಯಾಗಿ ಹೇಳಿದಿರಿ. ಮಲೆನಾಡಿನವರೇ ಇರಬೇಕು. ಇಂಗ್ಲೆಂಡಿನವರು ಇದನ್ನು ಚರ್ಮ, ಡಾಂಬರು, ಕ್ಯಾಂಪಿನ ಬೆಂಕಿ ಅಂತೆಲ್ಲ ವರ್ಣಿಸುತ್ತಾರೆ. ನನಗೆ ಇದು ಮಳೆಗಾಲದ ಬಚ್ಚಲುಮನೆ, ಅಡುಗೆಮನೆಯ ಅಟ್ಟ, ಹೊಗೆ ಹಿಡಿದ ಬುಟ್ಟಿ. ಇದರ ಹೆಸರು ಲಟಾಕಿಯಾ. ಸಿರಿಯಾದ ಬಂದರು ಊರು ಲಟಾಕಿಯಾದಿಂದ ಬಂದ ಹೆಸರು.

ವರ್ಜೀನಿಯಾಕ್ಕೆ ಇದು ಪೂರ್ತಿ ಉಲ್ಟಾ. ಇಲ್ಲಿ ಬಿಸಿ ಮುಖ್ಯವಲ್ಲ, ಹೊಗೆಯೇ ಮುಖ್ಯ. ಬಿಸಿಲಲ್ಲಿ ಒಣಗಿದ ಎಲೆಗಳನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ತೂಗುಹಾಕಿ, ಕೆಳಗೆ ಪರಿಮಳದ ಮರ, ಪೊದೆಗಳನ್ನು ಉರಿಗೊಡದೆ ಹೊಗೆಯಾಡಿಸುತ್ತಾರೆ. ಸೈಪ್ರಸ್‌ನಲ್ಲಿ ಮಸ್ತಿಕ್, ಮಿರ್ಟಲ್, ಪೈನ್. ಸಿರಿಯಾದಲ್ಲಿ ಓಕ್ ಮತ್ತು ಪೈನ್ ಜಾಸ್ತಿ. ವಾರಗಟ್ಟಲೆ ಹೊಗೆ ಕುಡಿದ ಎಲೆ ಕಾಡಿಗೆಯ ಹಾಗೆ ಕಪ್ಪಾಗುತ್ತದೆ. ಇದು ಹೇಗೆ ಶುರುವಾಯಿತು ಅನ್ನುವುದಕ್ಕೆ ಒಂದು ದಂತಕಥೆ ಇದೆ. ಒಂದು ವರ್ಷ ಬೆಳೆ ಅತಿಯಾಗಿ ಬಂತಂತೆ. ಮಾರಿ ಉಳಿದದ್ದನ್ನು ಮನೆಯ ಜಂತಿಗೆ ಕಟ್ಟಿಟ್ಟರಂತೆ. ಚಳಿಗಾಲವೆಲ್ಲ ಒಲೆಯ ಹೊಗೆ ಕುಡಿದ ಆ ಎಲೆ, ಮರುವರ್ಷ ತೆಗೆದರೆ ಹೊಸ ರುಚಿ. ನಿಜವೋ ಸುಳ್ಳೋ. ಆದರೆ ಕೊಬ್ಬರಿ, ಬೀಜದ ಜೋಳ, ಒಣಮೀನು ಎಲ್ಲವನ್ನೂ ಅಟ್ಟಕ್ಕೇರಿಸುವ ನಮಗೆ ಇದು ನಂಬಬಹುದಾದ ಕಥೆಯೇ.

ಹೀಗೆ ಹೊಗೆ ಹಾಕಲು ಸೌದೆ ಎಲ್ಲಿಂದ ಬರಬೇಕು? ಕಾಡಿನಿಂದ. ಸಿರಿಯಾದಲ್ಲಿ ಕಾಡು ಕರಗುತ್ತಾ ಹೋಯಿತು, ಕೊನೆಗೆ ಹೊಗೆ ಹಾಕುವುದೇ ನಿಂತಿತು. ಈಗ ಡಬ್ಬಿಗಳಲ್ಲಿ ಸಿಗುವುದು ಸೈಪ್ರಸ್ ಬಗೆಯ ಲಟಾಕಿಯಾ. ಹುಣಸೂರಿನ ಬ್ಯಾರನ್ನುಗಳಿಗೂ ಇದೇ ಸೌದೆಯ ಚಿಂತೆ ಎಷ್ಟೋ ವರ್ಷಗಳಿಂದ ಇದೆ. ಎರಡು ಎಲೆಗಳ ದಾರಿ ಬೇರೆ, ಇಬ್ಬರು ರೈತರ ತಲೆನೋವು ಒಂದೇ.

ಲಟಾಕಿಯಾ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ವಾಸನೆ ಇಷ್ಟು ಜೋರು, ಅಂದಮೇಲೆ ತಲೆಯೂ ತಿರುಗಿಸಬೇಕು ಅಂತ. ಇಲ್ಲ. ಘಾಟು ಜಾಸ್ತಿ, ಅಮಲು ಕಡಿಮೆ. ಸಕ್ಕರೆಯೂ ಕಡಿಮೆ, ಉರಿಯುವುದೂ ತಣ್ಣಗೆ. ತಲೆ ತಿರುಗಿಸುವುದು ಅದರ ಪಕ್ಕದಲ್ಲಿ ಸುಮ್ನೆ ಕೂತಿರುವ ಬೇರೆ ಎಲೆಗಳು.

ಮೂರನೆಯ ಎಲೆ ಓರಿಯಂಟಲ್, ಅಥವಾ ಟರ್ಕಿಶ್. ಇದು ಬಿಡಿಯಾಗಿ ನನ್ನ ಹತ್ತಿರ ಇಲ್ಲ, ಮೂರನೇ ಡಬ್ಬಿಯ ಮಿಶ್ರಣದೊಳಗಿದೆ. ಗ್ರೀಸ್, ಟರ್ಕಿ, ಬಾಲ್ಕನ್ ಬೆಟ್ಟಗಳ ಬಡ ಮಣ್ಣಿನಲ್ಲಿ ಬೆಳೆಯುವ ಪುಟ್ಟ ಎಲೆ. ಕೆಲವು ಅಂಗೈಗಿಂತ ದೊಡ್ಡದಿರುವುದಿಲ್ಲ. ಬಿಸಿಲಲ್ಲೇ ಒಣಗುತ್ತದೆ. ಇಜ್ಮೀರ್, ಸಂಸೂನ್, ಬಸ್ಮಾ, ಕ್ಸಾಂಥಿ, ಹೀಗೆ ಊರಿನದೋ ತಳಿಯದೋ ಹೆಸರು. ಸ್ವಲ್ಪ ಹುಳಿ, ಸ್ವಲ್ಪ ಮಸಾಲೆ, ಸ್ವಲ್ಪ ಒಣಹೂವಿನ ಪರಿಮಳ. ಸಾರಿಗೆ ಕೊತ್ತಂಬರಿ ಬೀಜ ಇದ್ದ ಹಾಗೆ. ಇದೆ ಅಂತ ತಕ್ಷಣ ಗೊತ್ತಾಗುವುದಿಲ್ಲ, ಇಲ್ಲದಿದ್ದರೆ ಗೊತ್ತಾಗುತ್ತದೆ.

ಈ ಮೂರು ಸೇರಿದರೆ ಇಂಗ್ಲಿಷ್ ಮಿಕ್ಸ್‌ಚರ್. ಇಷ್ಟೇ. ಕಾಫಿಪುಡಿ ಅಂಗಡಿಗೆ ಹೋಗಿ "ಪೀಬರಿ ಅರ್ಧ, ಪ್ಲಾಂಟೇಷನ್ ಎ ಅರ್ಧ, ಚಿಕೋರಿ 20 ಪರ್ಸೆಂಟ್" ಅಂತ ಹೇಳುವವರಿಗೆ ಇದು ಹೊಸದೇನೂ ಅಲ್ಲ. ವರ್ಜೀನಿಯಾ ಇಲ್ಲಿ ಮೈ, ಓರಿಯಂಟಲ್ ಪರಿಮಳ, ಲಟಾಕಿಯಾ ಚಿಕೋರಿಯ ಜಾಗದಲ್ಲಿ. ಚಿಕೋರಿ ಎಷ್ಟು ಅನ್ನುವುದರ ಮೇಲೆ ಮನೆಯಲ್ಲಿ ಜಗಳ ಆಗುವ ಹಾಗೆ, ಪೈಪಿನವರು ಲಟಾಕಿಯಾ ಎಷ್ಟು ಅನ್ನುವುದರ ಮೇಲೆ ಜಗಳವಾಡುತ್ತಾರೆ.

ಇದು ಇಂಗ್ಲಿಷ್ ಹೇಗಾಯಿತು? ಮೂರರಲ್ಲಿ ಒಂದು ಎಲೆಯೂ ಇಂಗ್ಲೆಂಡಿನಲ್ಲಿ ಬೆಳೆದದ್ದಲ್ಲ. ಕಾರಣ ತಮಾಷೆಯಾಗಿದೆ. ಬ್ರಿಟನ್ನಿನಲ್ಲಿ 19ನೇ ಶತಮಾನದಿಂದಲೂ ತಂಬಾಕಿಗೆ ಸಕ್ಕರೆ, ಬಣ್ಣ, ಪರಿಮಳ ಬೆರೆಸುವುದರ ಮೇಲೆ ಬಿಗಿ ಕಾನೂನು ಇತ್ತು. ಜನರ ಆರೋಗ್ಯದ ಕಾಳಜಿಯಿಂದ ಅಂದುಕೊಂಡಿರಾ? ತೆರಿಗೆಗಾಗಿ. ಸುಂಕ ಎಲೆಯ ತೂಕದ ಮೇಲೆ. ಅಗ್ಗದ ಸಕ್ಕರೆಯನ್ನೋ ಕಾಕಂಬಿಯನ್ನೋ ಬೆರೆಸಿ ತೂಕ ಏರಿಸಿದರೆ ಖಜಾನೆಗೆ ನಷ್ಟ. ಹಾಗಾಗಿ ಅಲ್ಲಿನ ತಯಾರಕರು ವೆನಿಲ್ಲಾ, ಚೆರ್ರಿ ಅಂತ ಸುರಿಯುವ ಹಾಗಿರಲಿಲ್ಲ. ರುಚಿ ಬೇಕಿದ್ದರೆ ಎಲೆಯಿಂದಲೇ ತೆಗೆಯಬೇಕು. ಅದಕ್ಕೇ ಅವರು ಸಿರಿಯಾ, ಸೈಪ್ರಸ್, ಗ್ರೀಸ್ ಕಡೆ ಕೈ ಚಾಚಿದರು. ಸುಂಕದ ಅಧಿಕಾರಿಗಳಿಂದ ಹುಟ್ಟಿದ ರುಚಿ ಅಂತ ನಾನು ಇದನ್ನು ಕರೆಯುತ್ತೇನೆ.

ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ 1907ರಲ್ಲಿ ಆಲ್ಫ್ರೆಡ್ ಡನ್‌ಹಿಲ್ ಒಂದು ಅಂಗಡಿ ತೆರೆದರು. ಅದಕ್ಕೂ ಮೊದಲು ಅವರು ಕಾರಿನ ಬಿಡಿಸಾಮಾನು ಮಾರುತ್ತಿದ್ದರು. ಕಾರು ಓಡಿಸುವಾಗ ಗಾಳಿಗೆ ಆರದ ಹಾಗೆ ಮುಂದೆ ಅಡ್ಡ ಇರುವ ಪೈಪು ಮಾಡಿದ್ದರು, ಪಾಪ ಅದು ಅಷ್ಟೇನೂ ಓಡಲಿಲ್ಲ. ತಂಬಾಕಿನಲ್ಲಿ ಅವರು ಮಾಡಿದ್ದು ನಮ್ಮ ಕಾಫಿಪುಡಿ ಅಂಗಡಿಯವರು ಮಾಡುವುದನ್ನೇ. ಗಿರಾಕಿ ಬಂದು ತನಗೆ ಬೇಕಾದ ಹಾಗೆ ಕಲಸಿಸಿಕೊಳ್ಳಬಹುದು. ಅದನ್ನು ಒಂದು ದಪ್ಪ ಪುಸ್ತಕದಲ್ಲಿ ನಂಬರ್ ಹಾಕಿ ಬರೆದಿಡುತ್ತಿದ್ದರು. ಮುಂದಿನ ಸಲ ಬಂದವರು ನಂಬರ್ ಹೇಳಿದರೆ ಸಾಕು. ಇವತ್ತಿಗೂ ಸಿಗುವ 'ಮೈ ಮಿಕ್ಸ್‌ಚರ್ 965' ಅನ್ನುವ ಹೆಸರು ಹಾಗೆ ಬಂದದ್ದು. ಆ ಕಾಲದ ಪಟ್ಟಿಯಲ್ಲಿ 'ದರ್ಬಾರ್' ಅಂತಲೂ ಒಂದು ಮಿಶ್ರಣ ಇತ್ತು. ನಮ್ಮ ಮಾತೂ ಆ ಡಬ್ಬಿ ಮೇಲೆ ಹತ್ತಿತ್ತು ಅನ್ನಿ.

ದರ್ಬಾರ್ ಅಂದಾಗ ಇನ್ನೊಂದು ನೆನಪಾಯಿತು, ಸ್ವಲ್ಪ ದಾರಿ ತಪ್ಪುತ್ತೇನೆ. 1600ರ ದಶಕದ ಮೊದಲ ವರ್ಷಗಳಲ್ಲಿ ಅಕ್ಬರನ ಕಡೆಯಿಂದ ಅಸದ್ ಬೇಗ್ ಎಂಬ ಅಧಿಕಾರಿ ಬಿಜಾಪುರಕ್ಕೆ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನಕ್ಕೆ ಬಂದಿದ್ದ. ಅಲ್ಲಿ ಅವನು ತಂಬಾಕನ್ನು ಮೊದಲ ಸಲ ಕಂಡ. ವಾಪಸ್ ಹೋಗುವಾಗ ಒಂದಿಷ್ಟು ತಂಬಾಕು, ರತ್ನ ಕೂಡಿಸಿದ ಉದ್ದ ನಳಿಕೆಯ ಒಂದು ಚಂದದ ಪೈಪು ಮಾಡಿಸಿಕೊಂಡು ಹೋಗಿ ಬಾದಶಹನ ಮುಂದಿಟ್ಟ. ಅಕ್ಬರ್ ಕುತೂಹಲಕ್ಕೆ ಒಂದೆರಡು ದಂ ಎಳೆದ. ಆಸ್ಥಾನದ ಹಕೀಮ ಬೇಡವೇ ಬೇಡ ಅಂದ. ಅಕ್ಬರ್ ಮುಂದುವರಿಸಲಿಲ್ಲ. ಆದರೆ ಸುತ್ತಲಿದ್ದ ಸರದಾರರು ಹಿಡಿದುಕೊಂಡರು. ಮೊಘಲ್ ಆಸ್ಥಾನಕ್ಕೆ ಪೈಪು ಹೋದದ್ದು ನಮ್ಮ ಬಿಜಾಪುರದಿಂದ. ಹಕೀಮನ ಮಾತನ್ನು ನಾನು ಆಗಲೇ ಹೇಳಿದ್ದೇನೆ.

ಸರಿ, ಹೊಸ ಪೈಪಿಗೆ ಬರೋಣ.

ಬ್ರಯರ್ ಅಂದರೆ ಮೆಡಿಟರೇನಿಯನ್ ಸುತ್ತ ಬೆಳೆಯುವ ಒಂದು ಪೊದೆಯ ಬುಡದ ಗಂಟು. ಬೇರಿಗೂ ಕಾಂಡಕ್ಕೂ ನಡುವೆ ಊದಿಕೊಂಡಿರುತ್ತದೆ. ಅದನ್ನು ಅಗೆದು, ತುಂಡು ಮಾಡಿ, ಗಂಟೆಗಟ್ಟಲೆ ನೀರಲ್ಲಿ ಕುದಿಸಿ ರಸ ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಗಟ್ಟಿ, ಬೇಗ ಸುಡುವುದಿಲ್ಲ, ತೇವ ಹೀರುತ್ತದೆ. ತೇವ ಹೀರುವ ಈ ಗುಣವೇ ಅದರ ಒಳ್ಳೆಯದು, ಅದೇ ಅದರ ತೊಂದರೆ. ತೇವದ ಜೊತೆ ವಾಸನೆಯನ್ನೂ ಹೀರುತ್ತದೆ. ಮೀನುಸಾರು ಮಾಡಿದ ಮಣ್ಣಿನ ಮಡಕೆಯಲ್ಲಿ ನೀವು ಪಾಯಸ ಮಾಡುತ್ತೀರಾ? ಹಾಗೇ ಇದು. ಪೈಪಿನವರು ಇದಕ್ಕೆ ದೆವ್ವ ಅನ್ನುತ್ತಾರೆ. ಹಳೆಯ ತಂಬಾಕಿನ ದೆವ್ವ ಹೊಸ ತಂಬಾಕಿನಲ್ಲಿ ಬಂದು ಕೂರುತ್ತದೆ. ಲಟಾಕಿಯಾ ದೆವ್ವ ಬಲವಾದದ್ದು. ಹಣ್ಣು, ವೆನಿಲ್ಲಾ ಹಾಕಿದ ಸಿಹಿ ತಂಬಾಕಿನ ದೆವ್ವವೂ ಸುಲಭಕ್ಕೆ ಬಿಡುವುದಿಲ್ಲ. ಎಲ್ಲಕ್ಕಿಂತ ಹಟಮಾರಿ ಇಂಗ್ಲೆಂಡಿನ ಉತ್ತರದ ಕೆಂಡಲ್ ಕಡೆಯ ಕೆಲವು ಹಳೇ ಶೈಲಿಯ ತಂಬಾಕು. ಗುಲಾಬಿ, ಜಿರೇನಿಯಂ, ಟಾಂಕಿನ್ ಬೀಜದ ಪರಿಮಳ ಅದಕ್ಕೆ. ಅಜ್ಜಿಯ ಪೆಟ್ಟಿಗೆಯಲ್ಲಿಟ್ಟ ಸೋಪಿನ ವಾಸನೆ. ಆ ಊರಿನಲ್ಲಿ 1792ರಿಂದ ನಶ್ಯ ಅರೆಯುತ್ತಾ ಬಂದಿದ್ದಾರೆ, ಬಹುಶಃ ನಶ್ಯದ ಪರಿಮಳವೇ ಪೈಪಿಗೂ ಹತ್ತಿತು.

ಹಾಗಾಗಿ ಹೊಸ ಪೈಪಿಗೆ ಏನು ಹಾಕಲಿ ಅನ್ನುವುದು ಬರೀ ನಿಮ್ಮ ನಾಲಿಗೆಯ ಪ್ರಶ್ನೆ ಅಲ್ಲ, ಮರದ ಪ್ರಶ್ನೆ. ಮೊದಲ 15-20 ಸಲ ಏನು ಹಾಕುತ್ತೀರೋ ಅದು ಆ ಪೈಪಿನ ಸ್ವಭಾವವಾಗಿಬಿಡುತ್ತದೆ. ಈ ಪೈಪನ್ನು ಮುಂದೆ ಯಾವುದಕ್ಕೆ ಇಟ್ಟುಕೊಳ್ಳುತ್ತೀರಿ ಅಂತ ಮೊದಲು ತೀರ್ಮಾನ ಮಾಡಿ. ಇಂಗ್ಲಿಷಿಗೆ ಅಂತಾದರೆ, ಅದಕ್ಕೇ ಇರಲಿ.

ಬೌಲಿನ, ಅಂದರೆ ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲಿನ, ಒಳಗಡೆ ಒಂದು ಸಲ ನೋಡಿ. ಬಾಯಗಲ ಸುಮಾರು 20 ಮಿಲಿಮೀಟರ್ ಅಥವಾ ಸ್ವಲ್ಪ ಜಾಸ್ತಿ ಇದ್ದರೆ ಇಂಗ್ಲಿಷ್ ಮಿಕ್ಸ್‌ಚರಿಗೆ ಒಳ್ಳೆಯದು. ಮೂರ್ನಾಲ್ಕು ಬಗೆಯ ಎಲೆ ಒಟ್ಟಿಗೆ ಉರಿಯಬೇಕು, ಅದಕ್ಕೆ ಜಾಗ ಬೇಕು. ತೀರಾ ಕಿರಿದಾದ ಬೌಲನ್ನು ವರ್ಜೀನಿಯಾಕ್ಕೆ ಬಿಡಿ. ಒಳಗೆ ಕಪ್ಪು ಲೇಪ ಇದ್ದರೆ ಅದು ಕಾರ್ಖಾನೆಯವರು ಮರ ಸುಡದಿರಲಿ ಅಂತ ಹಚ್ಚಿದ್ದು. ಬರೀ ಮರ ಇದ್ದರೂ ಹೆದರಬೇಕಾಗಿಲ್ಲ. ಒಳಗೆ ಜೇನು ಸವರಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೈಸೂರಿನ ಇರುವೆಗಳು ಒಪ್ಪಬಹುದು.

ಮೊದಲ ಪೈಪಿಗೆ ಲಟಾಕಿಯಾ ಕಡಿಮೆ ಇರುವ ಇಂಗ್ಲಿಷ್ ತಗೊಳ್ಳಿ. ಡನ್‌ಹಿಲ್ ಪಟ್ಟಿಯ ಹೆಸರುಗಳೇ ಇದಕ್ಕೆ ಗಡಿಯಾರ ಇದ್ದ ಹಾಗೆ. 'ಅರ್ಲಿ ಮಾರ್ನಿಂಗ್ ಪೈಪ್' ಹಗುರ, ಓರಿಯಂಟಲ್ ಮುಂದಿದೆ, ಲಟಾಕಿಯಾ ಹಿಂದೆ ನಿಂತು ಇಣುಕುತ್ತದೆ. '965' ಸಂಜೆಯದು, ಕ್ಯಾವೆಂಡಿಷ್, ಅಂದರೆ ಬಿಸಿ ಕೊಟ್ಟು ಒತ್ತಿ ಮೆತ್ತಗಾಗಿಸಿದ ಎಲೆ, ಸೇರಿರುವುದರಿಂದ ಮೈಗೂಡಿದೆ. 'ನೈಟ್‌ಕ್ಯಾಪ್' ಊಟ ಆಗಿ ಮಲಗುವ ಮುಂಚಿನದು. ಅದರಲ್ಲಿ ಲಟಾಕಿಯಾ ಧಾರಾಳ. ಜೊತೆಗೆ ಪೆರಿಕ್ ಕೂಡ ಇದೆ. ಲೂಯಿಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ಪೀಪಾಯಿಯೊಳಗೆ ಒತ್ತಿ ಹುಳಿಬರಿಸಿದ ಎಲೆ ಅದು, ನಮ್ಮ ಉಪ್ಪಿನಕಾಯಿ ಅನ್ನಿ. ಖಾಲಿ ಹೊಟ್ಟೆಯಲ್ಲಿ ಸೇದಿದರೆ ಗೋಡೆ ಹಿಡಿದುಕೊಳ್ಳಬೇಕಾಗುತ್ತದೆ. 2018ರಲ್ಲಿ ಡನ್‌ಹಿಲ್ ಹೆಸರಿನ ಪೈಪ್ ತಂಬಾಕು ನಿಂತಿತು. ಇದೇ ಮಿಶ್ರಣಗಳು ಈಗ ಪೀಟರ್ಸನ್ ಹೆಸರಿನಲ್ಲಿ ಬರುತ್ತವೆ. ಹಳೆಯ ಡನ್‌ಹಿಲ್ ಡಬ್ಬಿ ಇದೆ, ದುಪ್ಪಟ್ಟು ಕೊಡಿ ಅಂತ ಯಾರಾದರೂ ಹೇಳಿದರೆ, ನಿಮ್ಮ ಹೊಸ ಪೈಪಿಗೆ ಅದು ಬೇಕಾಗಿಲ್ಲ.

ಕೆಂಡಲ್ಲಿನ 'ಸ್ಕ್ವಾಡ್ರನ್ ಲೀಡರ್' ಕೂಡ ಒಳ್ಳೆಯ ನಡುಮಟ್ಟದ ಇಂಗ್ಲಿಷ್. ಸೋಪಿನ ಪರಿಮಳದ ಜಾತಿ ಅಲ್ಲ ಅದು. ಬಾಲ್ಕನ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ಓರಿಯಂಟಲ್ ಮತ್ತು ಲಟಾಕಿಯಾ ಎರಡೂ ಜಾಸ್ತಿ. 'ಬಾಲ್ಕನ್ ಸೊಬ್ರಾನಿ' ಎಂಬ ಹಳೆಯ ಲಂಡನ್ ಮಿಶ್ರಣದಿಂದ ಆ ಹೆಸರು ಅಂಟಿಕೊಂಡಿತು. ಸ್ಕಾಟಿಷ್ ಅಂದರೆ ಕ್ಯಾವೆಂಡಿಷ್ ಸೇರಿದೆ ಅಂತ. ಈ ಹೆಸರುಗಳಿಗೆ ಯಾವ ಕಾನೂನೂ ಇಲ್ಲ. ಒಬ್ಬರ ಇಂಗ್ಲಿಷ್ ಇನ್ನೊಬ್ಬರ ಬಾಲ್ಕನ್. ಡಬ್ಬಿಯ ಮುಂದಿನ ಹೆಸರು ಬಿಟ್ಟು, ಒಳಗೆ ಯಾವ ಎಲೆ ಎಂಬುದನ್ನು ಓದಿ. ಲಟಾಕಿಯಾ ಪಟ್ಟಿಯಲ್ಲಿ ಮೊದಲಿದೆಯೋ ಕೊನೆಗಿದೆಯೋ ನೋಡಿದರೆ ಒಂದು ಅಂದಾಜು ಸಿಗುತ್ತದೆ.

ಇನ್ನೊಂದು, ಕತ್ತರಿಸಿದ ರೀತಿ. ರಿಬ್ಬನ್ ಕಟ್ ಅಂದರೆ ಸಣ್ಣ ಪಟ್ಟಿ ಪಟ್ಟಿ, ಹೊಸಬರಿಗೆ ಇದೇ. ಫ್ಲೇಕ್ ಅಂದರೆ ಒತ್ತಿ ಹಲಗೆ ಮಾಡಿ ಸೀಳಿದ್ದು, ಕೈಯಲ್ಲಿ ಉಜ್ಜಿ ಬಿಡಿಸಬೇಕು. ಪ್ಲಗ್ ಅಂದರೆ ಗಟ್ಟಿ ಬೆಲ್ಲದಚ್ಚು, ಚಾಕು ಬೇಕು. ಫ್ಲೇಕ್ ನನಗೆ ಬಹಳ ಇಷ್ಟ. ಆದರೆ ಅದನ್ನು ಹೊಸ ಪೈಪಿನಲ್ಲಿ ಹಾಕಬೇಡಿ ಅಂತ ಹೇಳಲು ನನಗೆ ಅನುಭವದ ಹಕ್ಕಿದೆ.

ಈಗ ಆ ಕಥೆ. 1990ರ ದಶಕದಲ್ಲಿ ಕೆಲಸದ ಮೇಲೆ ಎರಡು ವರ್ಷ ಮ್ಯಾಂಚೆಸ್ಟರಿನಲ್ಲಿದ್ದೆ. ಮೊದಲ ಸಂಬಳದಲ್ಲಿ ಒಂದು ಪೈಪು ಕೊಂಡೆ. ಆಫೀಸಿನಲ್ಲಿ ಯಾರೋ ಒಂದು ಫ್ಲೇಕ್ ಹೆಸರು ಹೇಳಿದರು, ತಂದೆ. ಡಬ್ಬಿ ತೆರೆದರೆ ಎಲೆ ಒದ್ದೆ ಒದ್ದೆ. ಹಾಗೇ ಇರಬೇಕು ಅಂದುಕೊಂಡೆ. ಬೌಲು ತುಂಬ ಗಿಡಿದು, ಗಾಳಿ ಬೀಸುವ ಕಾಲುವೆ ದಂಡೆಯಲ್ಲಿ ನಿಂತು ಹಚ್ಚಿದೆ. ಹತ್ತಲಿಲ್ಲ. ಮತ್ತೆ ಹಚ್ಚಿದೆ. ಹತ್ತಿದ ಮೇಲೆ ಆರಬಾರದು ಅಂತ ಬೀಡಿ ಎಳೆದ ಹಾಗೆ ಎಳೆದೆ. ಹತ್ತು ನಿಮಿಷದಲ್ಲಿ ನಾಲಿಗೆ ಬೊಬ್ಬೆ ಎದ್ದಿತು, ಪೈಪಿನೊಳಗೆ ಗುಳುಗುಳು ನೀರು. ಬೌಲಿನ ಹೊರಮೈ ಮುಟ್ಟಲಾರದಷ್ಟು ಬಿಸಿ. ಮರುದಿನ ನೋಡಿದರೆ ಒಳಗೋಡೆಯಲ್ಲಿ ಕಡಲೆಬೀಜದಷ್ಟು ಜಾಗ ಸುಟ್ಟು ಕರಕಲಾಗಿತ್ತು.

ಬೇಸರ ಕಳೆಯಲು ಅದೇ ಪೈಪಿಗೆ ವೆನಿಲ್ಲಾ ಹಾಕಿದ ಸಿಹಿ ತಂಬಾಕು ತುಂಬಿದೆ. ಒಂದು ತಿಂಗಳು ಅದೇ. ಆಮೇಲೆ ಯಾರೋ ಲಟಾಕಿಯಾ ತುಂಬಿದ ಇಂಗ್ಲಿಷ್ ಮಿಕ್ಸ್‌ಚರ್ ಕೊಟ್ಟರು. ಅದನ್ನೂ ಅದರಲ್ಲೇ ಹಾಕಿದೆ. ಆ ರುಚಿ ಹೇಗಿತ್ತು ಅಂದರೆ, ಹೊಗೆ ಹಿಡಿದ ಒಣಮೀನಿಗೆ ಐಸ್‌ಕ್ರೀಂ ಸುರಿದ ಹಾಗೆ. ಮನೆಯ ಒಡತಿ ಬಾಗಿಲು ತಟ್ಟಿ, ಒಳಗೆ ಬೂಟು ಸುಡುತ್ತಿದೆಯಾ ಅಂತ ಕೇಳಿದರು. ಒಳ್ಳೆಯ ಮುದುಕಿ. ಸುಡುತ್ತಿರುವುದು ಬೂಟಲ್ಲ ಅಂತ ಗೊತ್ತಾದ ಮೇಲೆ ಹಿತ್ತಲಿನಲ್ಲಿ ಒಂದು ಕುರ್ಚಿ ಹಾಕಿಸಿಕೊಟ್ಟರು.

ತಪ್ಪು ಎಲ್ಲಿ ಅಂತ ನಿಮಗೆ ಗೊತ್ತಾಗಿರಬೇಕು. ಎಲೆ ಹದದಲ್ಲಿರಲಿಲ್ಲ. ನಮ್ಮ ಹುಣಸೂರು ಕಡೆ ರೈತರಿಗೆ ಹದ ಅನ್ನುವ ಮಾತು ಬಾಯಲ್ಲೇ ಇರುತ್ತದೆ. ತೀರಾ ಒಣಗಿದ ಎಲೆ ಮುಟ್ಟಿದರೆ ಪುಡಿಯಾಗುತ್ತದೆ, ಹದಕ್ಕೆ ಬಂದ ಮೇಲೇ ಇಳಿಸುತ್ತಾರೆ. ಪೈಪಿಗೂ ಅದೇ. ಒಂದು ಸಲಕ್ಕೆ ಬೇಕಾದಷ್ಟು, ಎರಡು ಮೂರು ಗ್ರಾಂ, ಕಾಗದದ ಮೇಲೆ ಹರಡಿ ಅರ್ಧ ಗಂಟೆ, ಒಂದು ಗಂಟೆ ಬಿಡಿ. ಚಿಟಿಕೆ ಹಿಡಿದು ಒತ್ತಿ ಬಿಟ್ಟರೆ ಉಂಡೆ ಕಟ್ಟಬಾರದು, ನಿಧಾನಕ್ಕೆ ಅರಳಿಕೊಳ್ಳಬೇಕು. ಪುಡಿಯಾದರೆ ಜಾಸ್ತಿ ಒಣಗಿತು ಅಂತ. ಮೈಸೂರಿನ ಬೇಸಿಗೆಯಲ್ಲಿ ಹತ್ತೇ ನಿಮಿಷ ಸಾಕಾಗಬಹುದು. ಮಂಗಳೂರಿನ ಜುಲೈನಲ್ಲಿ ರಾತ್ರಿಯಿಡೀ ಇಟ್ಟರೂ ಒಣಗುವುದಿಲ್ಲ. ಅಲ್ಲಿಯವರು ಟೇಬಲ್ ಲ್ಯಾಂಪಿನ ಕೆಳಗೆ ಇಡಿ.

ತುಂಬುವುದಕ್ಕೆ ಹಳೆಯ ಒಂದು ಮಾತಿದೆ. ಮೊದಲ ಚಿಟಿಕೆ ಮಗುವಿನ ಕೈಯಲ್ಲಿ, ಎರಡನೆಯದು ಹೆಂಗಸಿನ ಕೈಯಲ್ಲಿ, ಮೂರನೆಯದು ಗಂಡಸಿನ ಕೈಯಲ್ಲಿ ಒತ್ತಬೇಕು ಅಂತ. ಅಂದರೆ ತಳ ಸಡಿಲ, ಮೇಲೆ ಬಿಗಿ. ಹೊಲದಲ್ಲಿ ಕೆಲಸ ಮಾಡುವ ಹೆಂಗಸರ ಕೈ ಹಿಡಿದು ನೋಡದವರು ಯಾರೋ ಮಾಡಿದ ಗಾದೆ. ಇರಲಿ, ತಳ ಸಡಿಲ ಅನ್ನುವುದು ಸರಿ. ಹಚ್ಚುವ ಮೊದಲು ಒಂದು ಸಲ ಎಳೆದು ನೋಡಿ. ಜ್ಯೂಸಿನ ಸ್ಟ್ರಾದಲ್ಲಿ ಗಾಳಿ ಬಂದಷ್ಟು ಸಲೀಸಾಗಿ ಬರಬೇಕು. ಬೆಂಕಿಕಡ್ಡಿ ಗೀರಿ ಗಂಧಕದ ವಾಸನೆ ಹೋಗಲು ಒಂದು ಕ್ಷಣ ಬಿಡಿ. ಮೇಲ್ಪದರ ಸುತ್ತಲೂ ಹಚ್ಚಿ. ಎಲೆ ಎದ್ದು ನಿಲ್ಲುತ್ತದೆ, ಮೆತ್ತಗೆ ಒತ್ತಿ, ಮತ್ತೆ ಹಚ್ಚಿ. ಈಗ ನಿಧಾನ. ಎಷ್ಟು ನಿಧಾನ ಅಂದರೆ, ಆರಿಹೋಗುತ್ತದೇನೋ ಅನ್ನುವಷ್ಟು. ಆರಿದರೆ ಮತ್ತೆ ಹಚ್ಚಿದರಾಯಿತು, ಅದೇನು ಅವಮಾನ ಅಲ್ಲ.

ಹೊಸ ಪೈಪಾದ್ದರಿಂದ ಮೊದಲ ಐದಾರು ಸಲ ಬೌಲು ತುಂಬಬೇಡಿ, ಅರ್ಧಕ್ಕೆ ನಿಲ್ಲಿಸಿ. ತಳದವರೆಗೂ ನಿಧಾನಕ್ಕೆ ಉರಿಯಲಿ. ಹೊಸ ಕಾವಲಿ ಪಳಗಿಸುತ್ತೀರಲ್ಲ, ಈರುಳ್ಳಿಯಲ್ಲಿ ಎಣ್ಣೆ ಉಜ್ಜಿ, ಮೊದಲೆರಡು ದೋಸೆ ಹರಿದು ಬಂದರೂ ಬೇಸರ ಮಾಡಿಕೊಳ್ಳದೆ? ಇದೂ ಅಷ್ಟೇ. ಗೋಡೆಗೆ ತೆಳ್ಳಗೆ ಮಸಿಯ ಪದರ ಕಟ್ಟಬೇಕು. ಅದಕ್ಕೆ ಕೇಕ್ ಅನ್ನುತ್ತಾರೆ. ಒಂದು ಒಂದೂವರೆ ಮಿಲಿಮೀಟರ್ ಇದ್ದರೆ ಸಾಕು. ಜಾಸ್ತಿಯಾದರೆ ಕೆರೆದು ತೆಗೆಯಬೇಕು, ಯಾಕೆಂದರೆ ಬಿಸಿಗೆ ಕೇಕೂ ಮರವೂ ಒಂದೇ ಸಮ ಹಿಗ್ಗುವುದಿಲ್ಲ, ಬೌಲು ಸೀಳಬಹುದು. ಬರ್ಲಿ ಎಂಬ ಇನ್ನೊಂದು ಬಗೆಯ ಎಲೆಯಲ್ಲಿ ಕೇಕ್ ಚೆನ್ನಾಗಿ ಕಟ್ಟುತ್ತದೆ ಅಂತ ಹಳಬರು ಹೇಳುತ್ತಾರೆ, ನಿಜವೇ. ಆದರೆ ಇಂಗ್ಲಿಷಿಗೇ ಇಡುವ ಪೈಪನ್ನು ಇಂಗ್ಲಿಷಿನಲ್ಲೇ ಪಳಗಿಸುವುದು ನನಗೆ ಸರಿ ಅನ್ನಿಸುತ್ತದೆ. ತಣ್ಣಗೆ ಉರಿಯುವ ಲಟಾಕಿಯಾ ಹೊಸ ಮರಕ್ಕೂ ಹಿತ.

ಸೇದಿದ ಮೇಲೆ ಬಿಸಿ ಇರುವಾಗ ಕಾಂಡದಿಂದ ಬಾಯಿಕೊಳವೆ ಎಳೆಯಬೇಡಿ, ಮುರಿಯುತ್ತದೆ. ಪೈಪ್ ಕ್ಲೀನರ್ ಒಂದು ತೂರಿಸಿ ತೇವ ತೆಗೆಯಿರಿ. ಮರುದಿನ ಅದಕ್ಕೆ ರಜೆ.

ಆಗಲೇ ಒಬ್ಬರು ಚೀಟಿ ಕಳಿಸಿದ್ದರು. "ಹತ್ತಿಕೊಂಡ ದೆವ್ವವನ್ನು ಬಿಡಿಸಬಹುದಾ?" ಸ್ವಲ್ಪ ಮಟ್ಟಿಗೆ ಬಿಡಿಸಬಹುದು. ಬೌಲಿಗೆ ಹತ್ತಿ ತುಂಬಿ, ಕುಡಿಯಲು ಯೋಗ್ಯವಾದ ಗಟ್ಟಿ ಮದ್ಯವನ್ನು ಹನಿ ಹನಿಯಾಗಿ ಬಿಟ್ಟು, ರಾತ್ರಿ ಇಟ್ಟರೆ ಬೆಳಿಗ್ಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕೆಲವರು ಹತ್ತಿಯ ಬದಲು ಕಲ್ಲುಪ್ಪು ಹಾಕುತ್ತಾರೆ. ಉಪ್ಪು ಮರದೊಳಗೆ ಇಳಿದು ಬಿರುಕು ಬಿಡಿಸಬಹುದು, ನಾನು ಹಾಕುವುದಿಲ್ಲ. ಆಮೇಲೆ ಒಂದು ವಾರ ಪೂರ್ತಿ ಒಣಗಲಿ.

ನನ್ನ ಆ ಮ್ಯಾಂಚೆಸ್ಟರ್ ಪೈಪಿಗೆ ಇದನ್ನು ಮೂರು ಸಲ ಮಾಡಿದ್ದೇನೆ. ಈಗ ಅದರಲ್ಲಿ ಇಂಗ್ಲಿಷ್ ಮಿಕ್ಸ್‌ಚರ್ ಬಿಟ್ಟರೆ ಬೇರೇನೂ ಹಾಕುವುದಿಲ್ಲ, 20 ವರ್ಷದ ಮೇಲಾಯಿತು. ಆದರೂ ತೀರ್ಥಹಳ್ಳಿಯ ಮನೆಗೆ ಹೋದಾಗ, ಜೋರು ಮಳೆಯಲ್ಲಿ ಜಗಲಿ ಮೇಲೆ ಕೂತು ಅದನ್ನು ಕೈಗೆತ್ತಿಕೊಂಡರೆ, ಹಚ್ಚುವ ಮೊದಲೇ ಸಣ್ಣಗೆ ವೆನಿಲ್ಲಾ ಬರುತ್ತದೆ.